ಇಬ್ಬರೂ ಬೇರೆ ದೇಶಕ್ಕೆ ಹೊರಟಿದ್ದೀರಾ? ಬಜೆಟ್ ಹಾಕುವ ಪೂರ್ತಿ ಲೆಕ್ಕ ಇಲ್ಲಿದೆ

ಬೇರೆ ದೇಶಕ್ಕೆ ಹೊರಟ ಇಬ್ಬರು ಖರ್ಚಿನ ಪಟ್ಟಿ ಬರೆಯಲು ಕೂತರೆ ಮೊದಲು ಬರುವುದು ವಿಮಾನದ ಟಿಕೆಟ್, ಆಮೇಲೆ ವೀಸಾ ಶುಲ್ಕ, ಆಮೇಲೆ ಸಾಮಾನು ಸಾಗಿಸುವ ಖರ್ಚು. ಇವೆಲ್ಲ ಬೇಕು, ಸರಿ. ಆದರೆ ಉಳಿತಾಯ ಕರಗುವುದು ಇವುಗಳಿಂದಲ್ಲ. ಎರಡು ಸಂಬಳದಲ್ಲಿ ನಡೆಯುತ್ತಿದ್ದ ಮನೆ ಹೊಸ ದೇಶದಲ್ಲಿ ತಿಂಗಳುಗಟ್ಟಲೆ ಒಂದೇ ಸಂಬಳದಲ್ಲಿ ನಡೆಯಬೇಕಾಗುತ್ತದಲ್ಲ, ಕರಗುವುದು ಅಲ್ಲಿ. ಟಿಕೆಟ್ ಖರ್ಚು ಒಂದೇ ಸಲ. ನಿಂತುಹೋದ ಸಂಬಳದ ಕೊರತೆ ಪ್ರತಿ ತಿಂಗಳೂ ಬರುತ್ತದೆ, ಯಾವಾಗ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಜೊತೆಗೆ ಹೋಗುವವರಿಗೆ ದುಡಿಯುವ ಹಕ್ಕು ಇದೆಯಾ?

ಒಬ್ಬರಿಗೆ ಕೆಲಸ ಸಿಕ್ಕಿರುತ್ತದೆ, ಇನ್ನೊಬ್ಬರು ಜೊತೆಗೆ ಹೊರಡುತ್ತಾರೆ. ಹೆಚ್ಚಿನ ಮನೆಗಳಲ್ಲಿ ಹೀಗೇ. ಜೊತೆಗೆ ಹೋಗುವವರ ವೀಸಾ ಏನು ಮಾಡಲು ಬಿಡುತ್ತದೆ ಎಂಬುದನ್ನು ಆ ದೇಶದ ವಲಸೆ ಇಲಾಖೆಯ ವೆಬ್‌ಸೈಟಿನಲ್ಲೇ ಓದಿ, ಏಜೆಂಟರ ಬಾಯಿಮಾತು ನಂಬಬೇಡಿ. ದೇಶದಿಂದ ದೇಶಕ್ಕೆ ಇಲ್ಲಿ ಅಜಗಜಾಂತರ ವ್ಯತ್ಯಾಸವಿದೆ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದವರ ಜೊತೆ ಡಿಪೆಂಡೆಂಟ್ (ಅವಲಂಬಿತರು) ಆಗಿ ಬಂದವರು ಹೆಚ್ಚುಕಮ್ಮಿ ಯಾವ ಕೆಲಸವನ್ನಾದರೂ ಮಾಡಬಹುದು. ಜಪಾನಿನಲ್ಲಿ ಅವಲಂಬಿತರ ವೀಸಾ ಇದ್ದರೆ ಬೇರೆಯೇ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಸಿಂಗಾಪುರದಲ್ಲಿ 2021ರ ಮೇ ತಿಂಗಳಿಂದ ಡಿಪೆಂಡೆಂಟ್ ಪಾಸ್‌ನವರು ಕೆಲಸಕ್ಕೆ ಸೇರಬೇಕಾದರೆ ತಮ್ಮದೇ ವರ್ಕ್ ಪಾಸ್ ಪಡೆಯಬೇಕು. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾ ಇನ್ನೂ ಬಿಗಿ. ಎಚ್-1ಬಿ ಸಂಗಾತಿಯ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಅರ್ಜಿ (ಸಾಮಾನ್ಯವಾಗಿ ಕಂಪನಿ ಹಾಕುವ ವಲಸೆ ಅರ್ಜಿ) ಮಂಜೂರಾಗುವಂತಹ ಹಂತಕ್ಕೆ ಬಂದ ಮೇಲೆಯೇ ಕೆಲಸದ ಅನುಮತಿ ಕೇಳಬಹುದು, ಅಲ್ಲಿಗೆ ತಲುಪಲು ವರ್ಷಗಳೇ ಹಿಡಿಯಬಹುದು.

ಹಕ್ಕು ಇದೆ ಅಂದ ಮಾತ್ರಕ್ಕೆ ಕೆಲಸ ಸಿಕ್ಕಿತು ಅಂತಲ್ಲ, ಅಲ್ವಾ? ವೈದ್ಯರು, ನರ್ಸ್‌ಗಳು, ಶಿಕ್ಷಕರು, ವಕೀಲರು ಹೊಸ ದೇಶದಲ್ಲಿ ಮತ್ತೆ ಪರವಾನಗಿ ಪಡೆಯಬೇಕಾಗುವುದೇ ಹೆಚ್ಚು. ಪರೀಕ್ಷೆ ಶುಲ್ಕ, ಭಾಷೆಯ ಕೋರ್ಸು, ಪದವಿ ಪ್ರಮಾಣಪತ್ರದ ಮೌಲ್ಯಮಾಪನ, ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ, ಒಂದು ಮುಗಿಯದೆ ಇನ್ನೊಂದಕ್ಕೆ ಅರ್ಜಿ ಹಾಕಲು ಆಗುವುದಿಲ್ಲ. ಇಂಥ ಕಸುಬಿನವರಿದ್ದರೆ ಎರಡನೇ ಸಂಬಳವನ್ನು ಒಂದು ವರ್ಷದ ಮಟ್ಟಿಗೆ ಮರೆತುಬಿಡಿ. ಬೇರೆ ಕಸುಬಾದರೂ ಆರು ತಿಂಗಳಿಗಿಂತ ಕಡಿಮೆ ಹಾಕಬೇಡಿ. ಬೇಗ ಸಿಕ್ಕರೆ ಒಳ್ಳೆಯದೇ, ಬಜೆಟ್ ಅದನ್ನು ನಂಬಿ ನಿಲ್ಲಬಾರದು ಅಷ್ಟೆ. "ಹಳೇ ಕೆಲಸವನ್ನೇ ಅಲ್ಲಿಂದ ಆನ್‌ಲೈನಿನಲ್ಲಿ ಮಾಡಿದರಾಯಿತು" ಎಂದುಕೊಂಡಿದ್ದರೆ ಕಂಪನಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ವೀಸಾ ಅದಕ್ಕೆ ಬಿಡುತ್ತದಾ ಎಂದೂ ನೋಡಿ. ತೆರಿಗೆಯ ಪ್ರಶ್ನೆಯೂ ಇದೆ. ಅನೇಕ ದೇಶಗಳಲ್ಲಿ ವರ್ಷಕ್ಕೆ 183 ದಿನ ನೆಲೆಸಿದರೆ ನೀವು ಅಲ್ಲಿನ ತೆರಿಗೆ ನಿವಾಸಿ.

ಮದುವೆಯಾಗದ ಜೋಡಿಯಾದರೆ ಇನ್ನೊಂದು ವಿಷಯ. ಬ್ರಿಟನ್ ಎರಡು ವರ್ಷದ ಸಂಬಂಧಕ್ಕೆ ಪುರಾವೆ ಇದ್ದರೆ ಒಪ್ಪುತ್ತದೆ, ಅಮೆರಿಕದ ಅವಲಂಬಿತರ ವೀಸಾಗಳಿಗೆ ಮದುವೆಯೇ ಆಗಿರಬೇಕು.

ಹೆಜ್ಜೆ 2: ದುಡ್ಡಿನ ಬದಲು ತಿಂಗಳಲ್ಲಿ ಅಳೆಯಿರಿ

ಎರಡು ಕರೆನ್ಸಿಗಳ ನಡುವೆ ಲೆಕ್ಕ ಹಾಕುತ್ತಾ ಕೂತರೆ ತಲೆ ಕೆಡುತ್ತದೆ, ದರ ದಿನಾ ಬದಲಾಗುತ್ತದೆ. ಅದಕ್ಕಿಂತ ಹೊಸ ಊರಿನಲ್ಲಿ ಇಬ್ಬರ ಒಂದು ತಿಂಗಳ ಖರ್ಚನ್ನು 100 ಎಂದು ಇಟ್ಟುಕೊಳ್ಳಿ, ಉಳಿದ ಎಲ್ಲವನ್ನೂ ಅದರಲ್ಲೇ ಅಳೆಯಿರಿ. ಬಾಡಿಗೆ 40 ಆದರೆ ಮೂರು ತಿಂಗಳ ಮುಂಗಡ 120, ಹೀಗೆ.

ಆ 100 ಅನ್ನು ಹುಡುಕುವುದೇ ಈ ಹೆಜ್ಜೆಯ ಕೆಲಸ. "ಜೀವನವೆಚ್ಚ ಸೂಚ್ಯಂಕ" ಎಂದು ಸಿಗುವ ಸರಾಸರಿಗಳನ್ನು ಸುಮ್ನೆ ಒಂದು ಕಣ್ಣು ನೋಡಿ, ಅವನ್ನೇ ನೆಚ್ಚಿಕೊಳ್ಳಬೇಡಿ. ಕಚೇರಿಗೆ 45 ನಿಮಿಷದೊಳಗೆ ತಲುಪಬಹುದಾದ ಬಡಾವಣೆಗಳಲ್ಲಿ ಈಗ ಬಾಡಿಗೆಗಿರುವ ಮನೆಗಳ ಜಾಹೀರಾತು ಒಂದಿಪ್ಪತ್ತು ನೋಡಿ, ಎಲ್ಲಕ್ಕಿಂತ ಅಗ್ಗದ್ದನ್ನೂ ಎಲ್ಲಕ್ಕಿಂತ ದುಬಾರಿಯದ್ದನ್ನೂ ಬಿಟ್ಟು ನಡುವಿನದ್ದನ್ನು ಬರೆದುಕೊಳ್ಳಿ. ಬಾಡಿಗೆಯಲ್ಲಿ ಏನೇನು ಸೇರಿದೆ ಎಂದು ಓದಿ. ಜರ್ಮನಿಯ ಜಾಹೀರಾತಿನಲ್ಲಿ ಕಾಣುವ "ತಣ್ಣನೆ ಬಾಡಿಗೆ"ಗೆ ಮನೆ ಬಿಸಿಮಾಡುವ ಖರ್ಚು, ಕಟ್ಟಡದ ಖರ್ಚು ಸೇರಿರುವುದಿಲ್ಲ. ಬ್ರಿಟನ್ನಿನಲ್ಲಿ ಬಾಡಿಗೆಯಲ್ಲದೆ ಕೌನ್ಸಿಲ್ ತೆರಿಗೆಯನ್ನೂ (ಸ್ಥಳೀಯ ಆಡಳಿತದ ತೆರಿಗೆ) ಸಾಮಾನ್ಯವಾಗಿ ಬಾಡಿಗೆದಾರರೇ ಕಟ್ಟಬೇಕು. ಚಳಿ ದೇಶವಾದರೆ ವಿದ್ಯುತ್ ಮತ್ತು ಗ್ಯಾಸಿಗೆ ಚಳಿಗಾಲದ ಬಿಲ್ಲನ್ನೇ ಹಾಕಿ.

ಆರೋಗ್ಯ ವಿಮೆ ಇಲ್ಲಿ ಬೇರೆ ಸಾಲಾಗಿ ಬರಲಿ. ಒಬ್ಬರಿಂದ ಇಬ್ಬರಾದಾಗ ಖರ್ಚು ಹೇಗೆ ಏರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಸಂಪಾದನೆ ಇಲ್ಲದ ಸಂಗಾತಿಗೆ ಹೆಚ್ಚುವರಿ ಕಂತಿಲ್ಲ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂತು. ಅಲ್ಲಿ ವಿಮೆ ಮಾಡಿಸಲು ಮೂರು ತಿಂಗಳ ಅವಕಾಶ ಕೊಡುತ್ತಾರೆ, ಆದರೆ ಕಂತು ಮಾತ್ರ ಬಂದು ನೆಲೆಸಿದ ದಿನದಿಂದಲೇ ಲೆಕ್ಕ! ಮೂರನೇ ತಿಂಗಳಲ್ಲಿ ಮಾಡಿಸಿದವರಿಗೆ ಹಿಂದಿನ ಬಾಕಿಯೆಲ್ಲ ಒಟ್ಟಿಗೆ ಬರುತ್ತದೆ.

ಹಿಂದೆ ಬಿಟ್ಟು ಬಂದ ಊರಿನ ಕಂತುಗಳೂ ಈ 100ರೊಳಗೆ ಬರಬೇಕು. ಸಾಲ, ವಿಮೆ, ತಂದೆತಾಯಿಗೆ ಕಳಿಸುವ ಹಣ, ಇವು ವೀಸಾ ಸಿಕ್ಕಿತೆಂದು ನಿಲ್ಲುವುದಿಲ್ಲ.

ಹೆಜ್ಜೆ 3: ಒಂದೇ ಸಂಬಳದ ಪರೀಕ್ಷೆ

ಆಫರ್ ಲೆಟರಿನ ಸಂಖ್ಯೆ ನಿಮ್ಮ ಕೈಗೆ ಬರುವ ಹಣವಲ್ಲ. ತೆರಿಗೆ, ಸಾಮಾಜಿಕ ಭದ್ರತೆ, ಪಿಂಚಣಿ ಎಲ್ಲ ಕಳೆದು ಉಳಿದದ್ದನ್ನು ನೋಡಿ. ಅದು ನಿಮ್ಮ 100ಕ್ಕೆ ಎಷ್ಟು ಬರುತ್ತದೆ? 110 ಬಂದರೆ ಒಂದೇ ಸಂಬಳದಲ್ಲಿ ಮನೆ ನಡೆಯುತ್ತದೆ. 85 ಬಂದರೆ ತಿಂಗಳಿಗೆ 15 ಉಳಿತಾಯದಿಂದ ತೆಗೆಯಬೇಕು. 70ಕ್ಕಿಂತ ಕೆಳಗಿದ್ದರೆ ನನ್ನ ಮಟ್ಟಿಗೆ ಅದು ಎರಡನೇ ಕೆಲಸವೂ ಖಚಿತವಾಗುವವರೆಗೆ ಇಬ್ಬರೂ ಒಟ್ಟಿಗೆ ಹೊರಡಬೇಕಾದ ಆಫರ್ ಅಲ್ಲ. ಸಂಬಳವನ್ನು ಮತ್ತೆ ಮಾತಾಡಿ, ಇಲ್ಲವೇ ಕೊನೆಯ ಹೆಜ್ಜೆಯಲ್ಲಿ ಹೇಳಿರುವ ದಾರಿ ನೋಡಿ.

ಮೊದಲ ಸಂಬಳ ಯಾವ ತಾರೀಖಿಗೆ ಬರುತ್ತದೆ ಎಂದು ಈಗಲೇ ಎಚ್‌ಆರ್ ಅವರನ್ನು ಕೇಳಿ. ತಿಂಗಳ ಸಂಬಳದ ಪಟ್ಟಿ ಮುಚ್ಚಿದ ಮೇಲೆ ಸೇರಿದರೆ ಅದು ಮುಂದಿನ ತಿಂಗಳಿಗೆ ಹೋಗುತ್ತದೆ. ಬಂದರೂ ಪೂರ್ತಿ ಬರದಿರಬಹುದು. ತೆರಿಗೆ ಸಂಖ್ಯೆ ಕೊಡದಿದ್ದರೆ ಆಸ್ಟ್ರೇಲಿಯಾದಲ್ಲಿ ಅತಿ ಹೆಚ್ಚಿನ ದರದಲ್ಲಿ ಕಡಿತ ಮಾಡುತ್ತಾರೆ, ಐರ್ಲೆಂಡಿನಲ್ಲಿ ತುರ್ತು ತೆರಿಗೆ ಎಂದೇ ಒಂದಿದೆ. ಜಾಸ್ತಿ ಹೋದದ್ದು ಆಮೇಲೆ ವಾಪಸ್ ಸಿಗುತ್ತದೆ, ಆದರೆ ಬಾಡಿಗೆ ಆಮೇಲೆ ಅಂದರೆ ಮನೆ ಮಾಲೀಕರು ಕೇಳುವುದಿಲ್ಲ. ಇಬ್ಬರ ಎರಡು ತಿಂಗಳ ಖರ್ಚನ್ನು ಸಂಬಳವೇ ಇಲ್ಲ ಎಂಬಂತೆ ಕೈಯಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 4: ಹೊರಡುವ ಮುಂಚೆಯೇ ಕಟ್ಟಬೇಕಾದದ್ದು

ಈ ಭಾಗವನ್ನು ಪಟ್ಟಿಯಾಗಿ ಬರೆಯಬೇಡಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ಒಟ್ಟು ಹಣ ಸಾಕಷ್ಟಿದ್ದೂ ಬೇಕಾದ ವಾರದಲ್ಲಿ ಕೈಯಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? ಡೆಪಾಸಿಟ್ ಮುರಿಯಲು, ಷೇರು ಮಾರಲು, ಗಾಡಿ ಮಾರಲು ಎಲ್ಲಕ್ಕೂ ದಿನ ಬೇಕು.

ಬ್ರಿಟನ್ನನ್ನೇ ತೆಗೆದುಕೊಳ್ಳಿ. ಅಲ್ಲಿ ವೀಸಾ ಶುಲ್ಕದ ಜೊತೆ ಸರ್ಕಾರಿ ಆರೋಗ್ಯ ಸೇವೆಗೆಂದು ಆರೋಗ್ಯ ಸರ್ಚಾರ್ಜ್ ಇದೆ, 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಮೂರು ವರ್ಷದ ವೀಸಾ ಆದರೆ ಮೂರು ವರ್ಷದ್ದನ್ನೂ ಅರ್ಜಿ ಹಾಕುವಾಗಲೇ ಕಟ್ಟಬೇಕು. ಇಬ್ಬರಿಗೆ 6,210 ಪೌಂಡ್, ಅದೂ ಮೊದಲ ಸಂಬಳ ಕಾಣುವ ಮುಂಚೆ. ಕಂಪನಿ ಉದ್ಯೋಗಿಯ ಪಾಲು ಕೊಟ್ಟು ಸಂಗಾತಿಯ ಪಾಲು ನಿಮಗೇ ಬಿಡುವುದೂ ಉಂಟು, ಕೇಳಿಕೊಳ್ಳಿ.

ಇದಲ್ಲದೆ, ಖರ್ಚಾಗದಿದ್ದರೂ ಮುಟ್ಟಲಾಗದ ಹಣ ಎಂದು ಒಂದಿರುತ್ತದೆ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಉದ್ಯೋಗಿ 1,270 ಪೌಂಡ್, ಸಂಗಾತಿಗೆ ಇನ್ನೂ 285 ಪೌಂಡ್ ಬ್ಯಾಂಕಿನಲ್ಲಿ 28 ದಿನ ಬಿಡದೆ ಇಟ್ಟಿರುವುದನ್ನು ತೋರಿಸಬೇಕು, ಕಂಪನಿ ಜವಾಬ್ದಾರಿ ಹೊತ್ತಿದ್ದರೆ ಮಾತ್ರ ಬೇಡ. ಆ 28 ದಿನದಲ್ಲಿ ಒಂದು ದಿನ ಮೊತ್ತ ಕೆಳಗಿಳಿದರೂ ಅರ್ಜಿಗೆ ಕುತ್ತು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಕಾಯಂ ವಾಸಕ್ಕೆ ಅರ್ಜಿ ಹಾಕುವ ವ್ಯವಸ್ಥೆ) ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಹೋಗುವವರು ಹಣದ ಪುರಾವೆ ಕೊಡುವಾಗ ಸಂಗಾತಿ ಜೊತೆಗೆ ಬರದಿದ್ದರೂ ಅವರನ್ನು ಎಣಿಸಿ ಇಬ್ಬರ ಮೊತ್ತ ತೋರಿಸಬೇಕು, ಸಾಲ ತಂದ ಹಣ ನಡೆಯುವುದಿಲ್ಲ. ಆ ಮೊತ್ತ ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ, ಹಾಗಾಗಿ ಅರ್ಜಿ ಹಾಕುವ ವಾರ ಮತ್ತೊಮ್ಮೆ ನೋಡಿ. ಇಂಥ ಹಣವನ್ನು ಬೇರೆ ಖಾತೆಗೆ ಹಾಕಿ ಅದರ ಕಾರ್ಡು ಇಬ್ಬರೂ ಮರೆತುಬಿಡುವುದು ಒಳ್ಳೆಯದು.

ಸಣ್ಣಪುಟ್ಟವು ಸೇರಿ ದೊಡ್ಡದಾಗುವುದು ಕಾಗದಪತ್ರದಲ್ಲಿ. ಮದುವೆ ಪ್ರಮಾಣಪತ್ರ, ಇಬ್ಬರ ಪದವಿ, ಜನನ ಪ್ರಮಾಣಪತ್ರ, ಪೊಲೀಸ್ ದೃಢೀಕರಣ, ವೈದ್ಯಕೀಯ ತಪಾಸಣೆ, ಎಲ್ಲಕ್ಕೂ ಎರಡರಿಂದ ಗುಣಿಸಿ. 1961ರ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿದ್ದರೆ ಅಪೋಸ್ಟಿಲ್ (ದಾಖಲೆ ಅಸಲಿ ಎಂದು ಸರ್ಕಾರ ಕೊಡುವ ದೃಢೀಕರಣ) ಒಂದೇ ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅದಕ್ಕೆ ಹಣವೂ ಜಾಸ್ತಿ, ದಿನವೂ ಜಾಸ್ತಿ. ಅನುವಾದಕ್ಕೆ ಪುಟದ ಲೆಕ್ಕದಲ್ಲಿ ಶುಲ್ಕ ಹಾಕುತ್ತಾರೆ. ಎಲ್ಲಿಯ ಅನುವಾದಕರು ಮಾಡಿದರೆ ಒಪ್ಪುತ್ತಾರೆ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಅಲ್ಲಿ ಹೋಗಿ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.

ಹೆಜ್ಜೆ 5: ಮನೆ

ಇಳಿದ ದಿನವೇ ಮನೆ ಸಿಗುವುದಿಲ್ಲ. ನೋಡದೆ ಹಣ ಕಳಿಸಿ ಮನೆ ಹಿಡಿಯುವುದಂತೂ ಬೇಡವೇ ಬೇಡ, ಹೊಸಬರಿಗೆ ಇಲ್ಲದ ಮನೆ ತೋರಿಸಿ ಮುಂಗಡ ಹೊಡೆಯುವುದು ಎಲ್ಲ ದೊಡ್ಡ ಊರುಗಳಲ್ಲೂ ಇರುವ ದಂಧೆ. ನಾಲ್ಕು ವಾರದ ತಾತ್ಕಾಲಿಕ ವಸತಿ ಲೆಕ್ಕದಲ್ಲಿರಲಿ. ಇಂಥ ವಸತಿ ಮಾಮೂಲಿ ಬಾಡಿಗೆಗಿಂತ ದುಬಾರಿ, ಅದಕ್ಕೇ ನಮ್ಮ ಉದಾಹರಣೆಯಲ್ಲಿ ಬಾಡಿಗೆ 40 ಇದ್ದರೂ ತಾತ್ಕಾಲಿಕ ವಸತಿಗೆ 70 ಹಾಕುತ್ತೇನೆ. ಅಡುಗೆಮನೆ ಇರುವ ವಸತಿಯನ್ನೇ ನೋಡಿ. ಇಬ್ಬರೂ ಒಂದು ತಿಂಗಳು ಹೊರಗೆ ತಿಂದರೆ ಆ 70ರ ಜೊತೆ ಇನ್ನೊಂದು ಬಾಡಿಗೆಯಷ್ಟು ಹೋಗುತ್ತದೆ.

ಮುಂಗಡಕ್ಕೆ ದೇಶದ ಕಾನೂನು ಗೊತ್ತಿದ್ದರೆ ಮಾತಾಡುವ ಧೈರ್ಯ ಬರುತ್ತದೆ. ಜರ್ಮನಿಯಲ್ಲಿ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಇದೆ. ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ, ಪೂರ್ತಿ ಕೊಟ್ಟುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಯೇ ಮಿತಿ. ಜಪಾನಿನಲ್ಲಿ ಮುಂಗಡದ ಜೊತೆ ಮಾಲೀಕರಿಗೆ ರೇಕಿನ್ ಎಂದು ಕೊಡುವ ಪದ್ಧತಿ ಇದೆ, ಅದು ವಾಪಸ್ ಬರುವುದಿಲ್ಲ. ಮುಂಗಡ ನಿಮ್ಮದೇ ಹಣ, ಮನೆ ಬಿಡುವಾಗ ಬರುತ್ತದೆ. ರೇಕಿನ್, ಏಜೆಂಟ್ ಕಮಿಷನ್ ಶುದ್ಧ ಖರ್ಚು. ಬಜೆಟ್‌ನಲ್ಲಿ ಇವೆರಡು ಬೇರೆ ಬೇರೆ ಸಾಲುಗಳಲ್ಲಿರಲಿ.

ಖಾಲಿ ಮನೆ ಅಂದರೆ ಎಷ್ಟು ಖಾಲಿ? ಜರ್ಮನಿಯಲ್ಲಿ ಅಡುಗೆಮನೆಯ ಕಪಾಟು, ಸಿಂಕ್ ಕೂಡ ಇಲ್ಲದ ಮನೆ ಸಿಗುವುದು ಮಾಮೂಲಿ, ನೆದರ್‌ಲ್ಯಾಂಡ್ಸಿನಲ್ಲಿ ಕೆಲವು ಮನೆಗಳಿಗೆ ನೆಲಹಾಸೂ ಇರುವುದಿಲ್ಲ. ಅಂಥ ಕಡೆ ಮನೆ ಜೋಡಿಸುವ ಖರ್ಚು ಮುಂಗಡವನ್ನೂ ಮೀರಬಹುದು. ಒಂದನೇ ವರ್ಷಕ್ಕೆ ಪೀಠೋಪಕರಣ ಇರುವ ಮನೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಡುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಎರಡನೇ ಕೆಲಸ ಯಾವ ಊರಿನಲ್ಲಿ ಸಿಗುತ್ತದೋ ಯಾರಿಗೆ ಗೊತ್ತು.

ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಇಲ್ಲದಿದ್ದರೆ ಸಂಬಳ ಇಲ್ಲದವರಿಗೆ ವಿಳಾಸದ ಪುರಾವೆ ಇಲ್ಲ, ಪುರಾವೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಖಾತೆ ಇಲ್ಲದೆ ಕೆಲಸ ಸಿಕ್ಕ ಮೇಲೂ ಸಂಬಳ ಹಾಕಿಸಿಕೊಳ್ಳಲು ಪರದಾಟ. ಕರೆಂಟ್ ಬಿಲ್ಲನ್ನಾದರೂ ಅವರ ಹೆಸರಿಗೆ ಹಾಕಿಸಿ.

ಹೆಜ್ಜೆ 6: ಸಾಮಾನು, ಬೇಗ ಮುಗಿಸೋಣ

ಕಡಿಮೆ ಒಯ್ಯಿರಿ. ವಿಮಾನದಲ್ಲಿ ಕಳಿಸುವ ಪೆಟ್ಟಿಗೆಗೆ ತೂಕವಷ್ಟೇ ಅಲ್ಲ, ಗಾತ್ರವೂ ಲೆಕ್ಕ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ, ಕೊರಿಯರ್ ಆದರೆ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. 60, 40, 40ರ ಪೆಟ್ಟಿಗೆಯಲ್ಲಿ ನಾಲ್ಕು ಕಿಲೋ ಹೊದಿಕೆ ತುಂಬಿದರೂ 16 ಕಿಲೋಗೆ ಹಣ ಕೊಡುತ್ತೀರಿ. ಹಡಗಿನಲ್ಲಾದರೆ 20 ಅಡಿ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಜಾಗ. ಇಬ್ಬರಿಗೆ ಅಷ್ಟು ಬೇಡ, ಹಂಚಿಕೊಳ್ಳುವ ಕಂಟೇನರಿನಲ್ಲಿ ಎರಡು ಮೂರು ಘನ ಮೀಟರ್ ಸಾಕು. ಬಳಸಿದ ಮನೆಸಾಮಾನಿಗೆ ಸುಂಕ ವಿನಾಯಿತಿ ಇರುತ್ತದೆ, ಷರತ್ತು ಓದಿ. ಯುರೋಪಿಯನ್ ಒಕ್ಕೂಟದಲ್ಲಿ ಸಾಮಾನು ಕನಿಷ್ಠ ಆರು ತಿಂಗಳು ನಿಮ್ಮ ಬಳಕೆಯಲ್ಲಿರಬೇಕು, ಅಂದರೆ ಹೊರಡುವ ಮುಂಚೆ ಕೊಂಡ ಹೊಸ ವಸ್ತುಗಳಿಗೆ ಅದು ಸಿಗುವುದಿಲ್ಲ. 230 ವೋಲ್ಟಿನ ಮಿಕ್ಸಿ, ಇಸ್ತ್ರಿ ಪೆಟ್ಟಿಗೆಗಳು ಅಮೆರಿಕದ 120 ಅಥವಾ ಜಪಾನಿನ 100 ವೋಲ್ಟಿನಲ್ಲಿ ಕೆಲಸಕ್ಕೆ ಬಾರವು, ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ.

ಹೆಜ್ಜೆ 7: ಹಣ ದಾಟಿಸುವುದು

"ಶುಲ್ಕವೇ ಇಲ್ಲ" ಎನ್ನುವ ಜಾಹೀರಾತಿನ ಲಾಭ ದರದಲ್ಲಿ ಅಡಗಿರುತ್ತದೆ. ಮಾರುಕಟ್ಟೆಯ ಮಧ್ಯದರ (ಕೊಳ್ಳುವ ಮತ್ತು ಮಾರುವ ದರಗಳ ನಡುವಿನದ್ದು) ಎಷ್ಟು, ನಿಮಗೆ ಕೊಡುವ ದರ ಎಷ್ಟು, ಈ ವ್ಯತ್ಯಾಸವನ್ನು ಪೂರ್ತಿ ಮೊತ್ತಕ್ಕೆ ಗುಣಿಸಿ ನೋಡಿ. ಶೇ. 3 ಅಂದರೆ ಕಡಿಮೆ ಎನಿಸುತ್ತದೆ, ಆದರೆ ಎಂಟು ತಿಂಗಳ ಖರ್ಚನ್ನು ದಾಟಿಸುವಾಗ ಅದು ಒಂದು ವಾರದ ಖರ್ಚು. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಮುಂಗಡ ಮತ್ತು ಮೊದಲೆರಡು ತಿಂಗಳಿಗೆ ಬೇಕಾದ್ದನ್ನು ಮೊದಲು ಬದಲಿಸಿ, ಉಳಿದದ್ದನ್ನು ಮೂರು ನಾಲ್ಕು ಕಂತಿನಲ್ಲಿ. ದರ ನಿಮ್ಮ ವಿರುದ್ಧ ಹೋದರೂ ತಡೆಯಲು ಒಟ್ಟು ಬಜೆಟ್ಟಿನ ಮೇಲೆ ಶೇ. 10 ಸೇರಿಸಿಕೊಳ್ಳಿ. ದೇಶದಿಂದ ಹೊರಗೆ ಕಳಿಸಬಹುದಾದ ಹಣಕ್ಕೆ ಮಿತಿ ಇದೆಯಾ, ಇಬ್ಬರ ಮಿತಿ ಬೇರೆ ಬೇರೆಯಾ ಎಂದು ನಿಮ್ಮ ಬ್ಯಾಂಕನ್ನು ಕೇಳಿ.

ನಗದು ಒಯ್ಯುವುದಾದರೆ ಘೋಷಣೆಯ ನಿಯಮ ನೋಡಿ. ಯುರೋಪಿಯನ್ ಒಕ್ಕೂಟಕ್ಕೆ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು ತಂದರೆ ಹೇಳಬೇಕು. ಅಮೆರಿಕದಲ್ಲಿ 10,000 ಡಾಲರ್ ದಾಟಿದರೆ ಹೇಳಬೇಕು, ಅದೂ ಒಟ್ಟಿಗೆ ಬರುವ ಕುಟುಂಬದ ಹಣವನ್ನೆಲ್ಲ ಕೂಡಿಸಿ. ಇಬ್ಬರ ಪರ್ಸಿಗೆ ಆರು ಆರು ಸಾವಿರ ಹಂಚಿಕೊಂಡು ತಪ್ಪಿಸಿಕೊಳ್ಳುವಂತಿಲ್ಲ.

ಹೆಜ್ಜೆ 8: ಕಂಪನಿ ಕೊಡುವ ಸ್ಥಳಾಂತರ ಹಣ

ಮೂರು ಪ್ರಶ್ನೆ ಕೇಳಿ. ಮೊದಲೇ ಕೊಡುತ್ತೀರಾ, ಬಿಲ್ಲು ಕೊಟ್ಟ ಮೇಲಾ? ತೆರಿಗೆ ಯಾರದು? ಕೆಲಸ ಬಿಟ್ಟರೆ ವಾಪಸ್ ಕೊಡಬೇಕಾ? ಅಮೆರಿಕದಲ್ಲಿ 2018ರಿಂದ ಇಂಥ ಹಣ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ಬ್ರಿಟನ್ನಿನಲ್ಲಿ ಅರ್ಹ ಖರ್ಚುಗಳಿಗೆ 8,000 ಪೌಂಡಿನವರೆಗೆ ವಿನಾಯಿತಿ. ಬಿಲ್ಲು ಕೊಟ್ಟ ಮೇಲೆ ಬರುವ ಹಣವನ್ನು ಬಜೆಟ್ಟಿನಲ್ಲಿ ಸೊನ್ನೆ ಎಂದೇ ಹಾಕಿ. ಸಂಗಾತಿಯ ಭಾಷಾ ಕೋರ್ಸು, ಪರವಾನಗಿ ಪರೀಕ್ಷೆಯ ಶುಲ್ಕ ಸೇರಿಸಿ ಎಂದು ಕೇಳುವವರು ಕಡಿಮೆ. ಸಂಬಳ ಏರಿಸಲು ಒಪ್ಪದ ಕಂಪನಿಯೂ ಇದಕ್ಕೆ ಒಪ್ಪಬಹುದು.

ಹೆಜ್ಜೆ 9: ಸಂಬಳ ಇಲ್ಲದವರ ಕೈಯಲ್ಲಿ ಹಣ

ಇದನ್ನು ಹೊರಡುವ ಮುಂಚೆ ಮಾತಾಡಿ ಮುಗಿಸಿ. ನಿನ್ನೆಯವರೆಗೆ ದುಡಿಯುತ್ತಿದ್ದವರು ಕಾಫಿಗೂ ಕೇಳಿ ಪಡೆಯುವ ಸ್ಥಿತಿಗೆ ಬಂದರೆ ಮೂರನೇ ತಿಂಗಳಿಗೆ ಜಗಳ ಶುರುವಾಗುತ್ತದೆ, ವಿಷಯ ಹಣದ್ದಾಗಿದ್ದರೂ ಹಣದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಾಡಿಗೆ, ಬಿಲ್ಲು, ದಿನಸಿ ಜಂಟಿ ಖಾತೆಯಿಂದ ಹೋಗಲಿ. ಉಳಿದದ್ದರಲ್ಲಿ ಇಬ್ಬರಿಗೂ ಸಮನಾದ ಸ್ವಂತ ಹಣ, ಲೆಕ್ಕ ಕೇಳದ ಹಣ, ಸಂಬಳದ ದಿನವೇ ಇಬ್ಬರ ಖಾತೆಗೂ ಹೋಗಲಿ. ಕೆಲಸ ಬಿಟ್ಟವರ ಪಿಂಚಣಿ ಕಂತೂ ನಿಂತಿರುತ್ತದೆ. ಅದನ್ನು ಮನೆಯ ಖರ್ಚೆಂದು ಎಣಿಸಿ ಅವರ ಹೆಸರಲ್ಲೇ ಸ್ವಲ್ಪ ಉಳಿಸಿ.

ಹೆಜ್ಜೆ 10: ಕೂಡಿಸಿ ನೋಡಿ

ಈಗ ಎಲ್ಲವನ್ನೂ ಒಟ್ಟು ಹಾಕೋಣ. ಇವು ಉದಾಹರಣೆಯ ಅಂಕಿಗಳು, ನಿಮ್ಮವನ್ನು ಇಟ್ಟುಕೊಳ್ಳಿ.

ವೀಸಾ, ವಿಮೆ, ಕಾಗದಪತ್ರ: 60
ಟಿಕೆಟ್: 30
ಸಾಮಾನು: 30
ತಾತ್ಕಾಲಿಕ ವಸತಿ: 70
ಮುಂಗಡ: 80 (ಇಲ್ಲಿ ಎರಡು ತಿಂಗಳ ಬಾಡಿಗೆ)
ಮನೆ ಜೋಡಿಸಲು: 50
ಸಂಬಳ ಬರುವವರೆಗಿನ ಎರಡು ತಿಂಗಳು: 160 (ಮೊದಲ ತಿಂಗಳ ಬಾಡಿಗೆ ಬೇಡ, ವಸತಿಯಲ್ಲಿ ಬಂದಿದೆ)
ಆಮೇಲಿನ ಏಳು ತಿಂಗಳ ಕೊರತೆ, ತಿಂಗಳಿಗೆ 15ರಂತೆ: 105
ಊರಿಗೆ ವಾಪಸ್ ಬರಬೇಕಾದರೆ ಬೇಕಾಗುವ ಹಣ: 150
ದರ ಏರಿಳಿತಕ್ಕೆ ಶೇ. 10: ಸುಮಾರು 75

ಒಟ್ಟು 810. ಅಂದರೆ ಎಂಟು ತಿಂಗಳ ಖರ್ಚು. ವೀಸಾ ಮತ್ತು ಟಿಕೆಟ್ ಸೇರಿ ಅದರಲ್ಲಿ 90 ಮಾತ್ರ, ಸಂಬಳವಿಲ್ಲದ ಮತ್ತು ಒಂದೇ ಸಂಬಳದ ತಿಂಗಳುಗಳದ್ದು 265.

ವಾಪಸ್ ಬರಲು ಇಟ್ಟ ಹಣ ಅಂದರೆ ಇಬ್ಬರ ಟಿಕೆಟ್, ಕರಾರು ಮುರಿದರೆ ಕೊಡಬೇಕಾದ ದಂಡ, ಬಂದು ಇಳಿದ ಮೇಲೆ ಒಂದು ತಿಂಗಳ ಬದುಕು. ವೀಸಾ ಕೆಲಸಕ್ಕೇ ಕಟ್ಟಿಹಾಕಿದ್ದರೆ ಕೆಲಸ ಹೋದಾಗ ದೇಶ ಬಿಡಲು ಸಿಗುವ ದಿನ ಕಡಿಮೆ. ಎಚ್-1ಬಿಯವರಿಗೆ ಗರಿಷ್ಠ 60 ದಿನ, ಜೊತೆಗೆ ಬಂದ ಸಂಗಾತಿಗೂ ಅಷ್ಟೇ. ಹಾಗಾಗಿ ಈ 150 ಅನ್ನು ಬೇರೆ ಯಾವುದಕ್ಕೂ ಮುಟ್ಟಬಾರದು, ಸೋಫಾಕ್ಕಂತೂ ಖಂಡಿತ ಅಲ್ಲ.

ನಿಮ್ಮ ಉಳಿತಾಯ ಈ ಒಟ್ಟು ಮೊತ್ತಕ್ಕೆ ಸಾಲದಿದ್ದರೆ ವಾಪಸ್ ಹಣ ಕತ್ತರಿಸುವ ಬದಲು ಒಬ್ಬರು ಮೊದಲು ಹೋಗುವುದನ್ನು ಯೋಚಿಸಿ. ಮೊದಲು ಹೋದವರಿಗೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಸಾಕು, 70ರ ವಸತಿ 25, 30ಕ್ಕೆ ಇಳಿಯುತ್ತದೆ. ಹಿಂದೆ ಉಳಿದವರ ಸಂಬಳ ಇನ್ನೂ ಮೂರ್ನಾಲ್ಕು ತಿಂಗಳು ಬರುತ್ತದೆ, ಅಲ್ಲಿಂದಲೇ ಹೊಸ ಊರಿನ ಕೆಲಸಗಳಿಗೆ ಅರ್ಜಿ ಹಾಕಬಹುದು, ಮನೆ ಖಾಲಿ ಮಾಡಿ ಸಾಮಾನು ಮಾರಲೂ ಸಮಯ ಸಿಗುತ್ತದೆ. ಎರಡು ಮನೆ ನಡೆಸುವ ಖರ್ಚು, ನಡುವೆ ಒಮ್ಮೆ ನೋಡಲು ಬರುವ ಟಿಕೆಟ್ ಇವನ್ನು ಕಳೆದರೂ ಹೆಚ್ಚಿನ ಸಲ ಉಳಿತಾಯವೇ. ಆದರೆ ವೀಸಾದ ದಿನಾಂಕ ನೋಡಿ: ಇಷ್ಟು ದಿನದೊಳಗೆ ದೇಶ ಪ್ರವೇಶಿಸಬೇಕು ಎಂಬ ಷರತ್ತು ಇಬ್ಬರಿಗೂ ಒಟ್ಟಿಗೆ ಇರಬಹುದು. ಕೆನಡಾದ ಕಾಯಂ ವಾಸದ ವೀಸಾದಲ್ಲಿ ಮುಖ್ಯ ಅರ್ಜಿದಾರರಿಗಿಂತ ಮೊದಲು ಸಂಗಾತಿ ಹೋಗುವಂತಿಲ್ಲ. ಸಂಗಾತಿ ತಡವಾಗಿ ಅರ್ಜಿ ಹಾಕುವುದಾದರೆ ಹಣದ ಪುರಾವೆಯನ್ನು ಮತ್ತೆ ಹೊಸದಾಗಿ ಕೇಳುತ್ತಾರಾ ಎಂಬುದನ್ನು ಮೊದಲ ಅರ್ಜಿಗೆ ಶುಲ್ಕ ಕಟ್ಟುವ ಮುಂಚೆಯೇ ಓದಿಕೊಳ್ಳಿ.